ಹದಿಮೂರು ರಿವೆಟ್

"ಇದನ್ನು ಟೈಪ್ ಮಾಡಿಸ್ಲಿಕ್ಕೆ ನಾನು ಬಂದದ್ದಲ್ಲ," ಎಂದು ಇಗ್ನೇಶಿಯಸ್ ಕೈಯಲ್ಲಿದ್ದ ಕಾಗದವನ್ನು ಮೇಜಿನ ಮೇಲೆ ಮಗುಚಿ ಹಾಕಿದರು. "ಇದಕ್ಕೆ ಸಹಿ ಹಾಕುವುದಿಲ್ಲ ಅಂತ ಅರಬಿಯಲ್ಲಿ ಎರಡು ಸಾಲು ಬರೆದುಕೊಡಿ. ಅದಕ್ಕೆ ಬೇಕಾದರೆ ಸಹಿ ಹಾಕ್ತೇನೆ."

ಅಬುಧಾಬಿಯ ಖಾಲಿದಿಯಾ ಬಡಾವಣೆಯ ಆ ಟೈಪಿಂಗ್ ಸೆಂಟರಿನಲ್ಲಿ ನಸೀಮ ಹದಿನಾರು ವರ್ಷಗಳಿಂದ ಕೂತಿದ್ದಳು. ವೀಸಾ ಅರ್ಜಿ, ಮನೆ ಕರಾರು, ಮಕ್ಕಳ ಜನನ ಪತ್ರ, ಸತ್ತವರನ್ನು ಊರಿಗೆ ಕಳಿಸುವ ಕಾಗದ, ಎಲ್ಲವೂ ಅವಳ ಬೆರಳಿನ ಕೆಳಗೆ ಹಾದುಹೋಗಿದ್ದವು. ತಪ್ಪೊಪ್ಪಿಗೆ ಪತ್ರಗಳೂ ಬರುತ್ತಿದ್ದವು. ಆದರೆ ಅವನ್ನು ತಂದವರು ತಲೆ ತಗ್ಗಿಸಿ, ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಹೀಗೆ ಎದೆ ಸೆಟೆಸಿ ಬಂದವರನ್ನು ಅವಳು ಕಂಡದ್ದು ಇದೇ ಮೊದಲು.

ಇಗ್ನೇಶಿಯಸ್ ಬಂಟ್ವಾಳದವರು. ಐವತ್ತಾರರ ಸಣಕಲು ಮನುಷ್ಯ. ಮುಸಫ್ಫಾ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಎ.ಸಿ. ಡಕ್ಟ್ ತಯಾರಿಸುವ ತಗಡಿನ ಮೇಸ್ತ್ರಿ. ನಸೀಮಳ ಊರು ಉಚ್ಚಿಲ. ಕರಾವಳಿಯಲ್ಲಿ ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುವಂತೆ ಅವಳು ಅವರನ್ನು 'ಪೊರ್ಬುಗಳೇ' ಎಂದೇ ಕರೆಯುತ್ತಿದ್ದಳು.

"ಕೂತ್ಕೊಳ್ಳಿ ಪೊರ್ಬುಗಳೇ. ಮೊದಲು ನೀರು ಕುಡೀರಿ. ಎಂತ ಆದದ್ದು?"

ನೀರು ಕುಡಿದು ಅವರು ಹೇಳಿದ ಕತೆ ಹೀಗಿತ್ತು. ದುಬೈ ಕಡೆಯ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಪ್ರತಿ ಶನಿವಾರ ಒಂದು ಬಳಗ ಸೇರುತ್ತಿತ್ತು. ಸಾವಿರದ ನಾನೂರು ವರ್ಷಗಳ ಹಿಂದೆ ರೋಮ್ ಮತ್ತು ಪರ್ಷಿಯದ ಗಡಿಯಲ್ಲಿ ಕಾದಾಡಿದ ಸೈನಿಕರ ಉಡುಪು ತೊಟ್ಟು, ಮೊಂಡು ಕತ್ತಿ ಹಿಡಿದು, ಅಂದಿನ ಯುದ್ಧಕ್ರಮವನ್ನು ಮಾಡಿ ತೋರಿಸುವ ಬಳಗ ಅದು. ಕಟ್ಟಿದವನು ಅಬುಧಾಬಿಯ ತಮೀಮ್. ಆ ಕಾಲದ ಶಿರಸ್ತ್ರಾಣವನ್ನು ಆ ಕಾಲದ ರೀತಿಯಲ್ಲೇ ಮತ್ತೆ ಮಾಡಬೇಕೆಂದು ಅವನು ಹೊರಟಾಗ ಇಗ್ನೇಶಿಯಸ್ ತಾವಾಗಿ ಕೈಜೋಡಿಸಿದ್ದರು. ಸಂಬಳಕ್ಕಲ್ಲ, ಹುಚ್ಚಿಗೆ.

"ನಾಲ್ಕು ತಗಡು, ನಾಲ್ಕು ಪಟ್ಟಿ, ಸುತ್ತ ಒಂದು ಹಣೆಪಟ್ಟಿ. ಹೊರಗಿಂದ ನೋಡಿದರೆ ಇಷ್ಟೇ," ಎಂದರು ಇಗ್ನೇಶಿಯಸ್. "ಪಟ್ಟಿಯ ಅಡಿಯಲ್ಲಿ ತಗಡಿನ ಅಂಚು ಹೇಗೆ ಕೂತ್ಕೊಳ್ತದೆ ಅಂತ ಮಾತ್ರ ಕಾಣುವುದಿಲ್ಲ. ನಮಗೆ ಸಿಕ್ಕಿದ ಫೋಟೋಗಳಲ್ಲೆಲ್ಲ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಹೋಗಿದೆ. ಏಳು ಹೆಲ್ಮೆಟ್ ಹಾಳು ಮಾಡಿ ಎಂಟನೆಯದರಲ್ಲಿ ಅದನ್ನು ಹಿಡಿದೆ ನಾನು. ಎರಡು ವರ್ಷ ಹೋಯಿತು."

ಆ ಎಂಟನೆಯದನ್ನು ಕಳೆದ ಶನಿವಾರ ನಿಹಾಲ್ ಎಂಬ ಹುಡುಗ ತೊಟ್ಟು ಕಣಕ್ಕಿಳಿದಿದ್ದ. ಎದುರಾಳಿಯ ಒಂದು ಹೊಡೆತಕ್ಕೆ ಎಡ ಮುಂಭಾಗದ ತಗಡು ಕಿತ್ತು ಒಳಗೆ ಕುಸಿಯಿತು. ಹುಬ್ಬಿನ ಮೇಲೆ ಏಳು ಹೊಲಿಗೆ. ತಗಡನ್ನು ಪಟ್ಟಿಗೆ ಬಿಗಿದಿದ್ದ, ಈಗ ಕಿತ್ತುಬಂದ ರಿವೆಟ್ ಮೊಳೆಗಳನ್ನು ನೋಡಿದರೆ ಕಬ್ಬಿಣವೇ ಅಲ್ಲ, ಕಪ್ಪು ಬಣ್ಣ ಬಳಿದ ಅಲ್ಯೂಮಿನಿಯಂ. ಬಳಗದ ಕಾರ್ಯದರ್ಶಿ ನಿರಂಜನ ಅಂದೇ ರಿಪೋರ್ಟು ಬರೆದು ವಾಟ್ಸಾಪ್ ಗುಂಪಿಗೆ ಹಾಕಿದ: ಮೇಸ್ತ್ರಿ ಕಳಪೆ ಸಾಮಾನು ಬಳಸಿ ಮೋಸ ಮಾಡಿದ್ದಾರೆ. ಗುರುವಾರ ಸಂಜೆ ಐದರೊಳಗೆ ತಪ್ಪೊಪ್ಪಿಗೆಗೆ ಸಹಿ ಬೀಳದಿದ್ದರೆ ಇಗ್ನೇಶಿಯಸ್ ಕೆಲಸ ಮಾಡುವ ಕಂಪನಿಗೆ ದೂರು ಹೋಗುತ್ತದೆ. ದೂರು ಹೋದರೆ ಕೆಲಸ ಹೋಗುತ್ತದೆ, ಅದರ ಹಿಂದೆ ವೀಸಾ.

"ಸಹಿ ಹಾಕಿದರೆ ವೀಸಾ ಉಳೀತದಾ?" ನಸೀಮ ಕೇಳಿದಳು.

"ಉಳೀತದಂತೆ. ಆದರೆ ನನ್ನ ಈ ಕೈ ಮತ್ತೆ ಎಂತಕ್ಕೆ? ಇಪ್ಪತ್ತೊಂಬತ್ತು ವರ್ಷ ಈ ಮರಳಿನಲ್ಲಿ ತಗಡು ಬಡಿದಿದ್ದೇನೆ. ತಪ್ಪು ಮಾಡಿದರೆ ಮಾಡಿದೆ ಅಂತ ನಾನೇ ಹೇಳಿದ್ದೇನೆ. ಮಾಡದ್ದಕ್ಕೆ ಸಹಿ ಇಲ್ಲ. ವೀಸಾ ಹೋಗ್ಲಿ."

ನಸೀಮ ಕಂಪ್ಯೂಟರ್ ಮುಚ್ಚಿ ಎದ್ದಳು. "ಅರಬಿ ಆಮೇಲೆ. ಬನ್ನಿ, ನಾಲ್ಕನೇ ಮಾಳಿಗೆಗೆ ಹೋಗುವ."

ನಾಲ್ಕನೇ ಮಾಳಿಗೆಯಲ್ಲಿದ್ದವರು ಸುಮಿತ್ರಾ. ಮೈಸೂರಿನವರು, ಅರವತ್ತನಾಲ್ಕು ವಯಸ್ಸು. ಮದೀನತ್ ಜಾಯೆದ್‌ನ ತೈಲ ಬಾವಿಗಳ ಕಡೆ ಲೋಹ ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದವರು. ಒಡೆದ ಪೈಪು ತಂದುಕೊಟ್ಟರೆ ಅದು ಏಕೆ ಒಡೆಯಿತು, ಯಾರ ಅಜಾಗ್ರತೆಯಿಂದ ಒಡೆಯಿತು ಎಂದು ಹೇಳುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಜನ ಬೇರೆ ಬೇರೆ ಒಡಕುಗಳನ್ನು ಅವರ ಬಾಗಿಲಿಗೆ ತರತೊಡಗಿದ್ದರು. ಅಂಥ ಹೊತ್ತಿನಲ್ಲಿ ಕಾರು ಓಡಿಸುವುದು, ಅರಬಿ ಮಾತಾಡುವುದು, ಕಂಡದ್ದನ್ನು ನೆನಪಿಟ್ಟುಕೊಳ್ಳುವುದು ನಸೀಮಳ ಪಾಲು.

ಸುಮಿತ್ರಾ ಎಲ್ಲ ಕೇಳಿಸಿಕೊಂಡು ನೇರವಾಗಿ ಲೋಹಕ್ಕೇ ಬಂದರು.

"ನಿಮ್ಮ ರಿವೆಟ್ ಯಾತರದು?"

"ಮೆದು ಕಬ್ಬಿಣದ ಸರಿಗೆ ಮೇಡಂ. ನಾನೇ ತುಂಡು ಮಾಡಿ ತಲೆ ಬಡೀತೇನೆ."

"ತೂತು?"

"ಪಂಚ್ ಇಟ್ಟು ಹೊಡೆದದ್ದು. ಆ ಹೆಲ್ಮೆಟ್ಟಿಗೆ ಡ್ರಿಲ್ ಮುಟ್ಟಿಸಿಲ್ಲ."

"ಅದನ್ನ ಒಪ್ಪಿಸಿದ್ದು ಯಾವತ್ತು?"

"ಬುಧವಾರ ಮಧ್ಯಾಹ್ನ. ರೀಮಾ ಅಂತ ಹುಡುಗಿ ಉಂಟು, ಬಳಗಕ್ಕೆ ಚಿತ್ರ ಬರೆಯುವವಳು, ಒಳಗಿನ ಚರ್ಮದ ಅಸ್ತರಿ ಹೊಲಿದವಳೂ ಅವಳೇ. ಅವಳೂ ತಮೀಮೂ ನಿಹಾಲೂ ನೋಡ್ತಿದ್ದ ಹಾಗೇ ಸುತ್ತಿಗೆಯಲ್ಲಿ ಇಪ್ಪತ್ತು ಪೆಟ್ಟು ಕೊಟ್ಟೆ. ಒಂದೊಂದು ತಗಡಿಗೆ ಐದೈದು. ವಿಡಿಯೋ ಉಂಟು. ಆಮೇಲೆ ಸ್ಟೋರ್ ನೋಡಿಕೊಳ್ಳುವ ಶುಕೂರ್ ಅದನ್ನು ಒಳಗಿಟ್ಟು ಬೀಗ ಹಾಕಿದ. ಕೀ ಅವನ ಹತ್ತಿರ ಮಾತ್ರ ಇರುವುದು."

"ನಿರಂಜನ?"

"ಅವನು ಬೆಂಗಳೂರಿನಲ್ಲಿದ್ದ. ತಾಯಿಯ ಕಣ್ಣಿನ ಆಪರೇಶನ್. ಶನಿವಾರ ಬೆಳಿಗ್ಗೆ ವಿಮಾನ ಇಳಿದು ಸೀದಾ ಬಂದ."

ಸುಮಿತ್ರಾ ಕನ್ನಡಕ ತೆಗೆದು ಒರೆಸಿದರು. "ಬುಧವಾರ ಇಪ್ಪತ್ತು ಪೆಟ್ಟು ತಡ್ಕೊಂಡಿದ್ದು ಶನಿವಾರ ಒಂದೇ ಪೆಟ್ಟಿಗೆ ಕೈಬಿಡ್ತು. ನಡುವೆ ಎರಡು ದಿನ ಇದೆ. ನಾಳೆ ಹೋಗಿ ನೋಡೋಣ. ನೀವು ಬರಬೇಡಿ, ಕೆಲಸಕ್ಕೆ ಹೋಗಿ. ಆ ಕಾಗದಾನ ಹರಿಯಬೇಡಿ, ಹಾಗೇ ಇಟ್ಟಿರಿ."

ಮಂಗಳವಾರ ಬೆಳಿಗ್ಗೆ ಕಂಪನಿ ಬಸ್ಸುಗಳ ಸಾಲಿನ ನಡುವೆ ದಾರಿ ಮಾಡಿಕೊಂಡು ನಸೀಮ ಜೆಬೆಲ್ ಅಲಿ ಮುಟ್ಟಿದಳು. ಗೋದಾಮಿನ ಅರ್ಧದಲ್ಲಿ ಮರಳು ಹಾಸಿದ ಕಣ, ಉಳಿದರ್ಧದಲ್ಲಿ ಗುರಾಣಿ, ಈಟಿ, ಉಡುಪುಗಳ ಸಾಲು. ತಮೀಮ್ ಬಾಗಿಲಲ್ಲೇ ಇದ್ದ. ಅವನ ಬಿಳಿ ಉಡುಪಿನಿಂದ ಊದ್ ಧೂಪದ ಪರಿಮಳ ಬರುತ್ತಿತ್ತು. ಮಾತು ಮೃದುವಾಗಿತ್ತು, ಮುಖ ಮೃದುವಾಗಿರಲಿಲ್ಲ.

"ನೋಡಿ, ನನ್ನ ಕಣದಲ್ಲಿ ಒಬ್ಬನ ರಕ್ತ ಬಿತ್ತು," ಎಂದ ಇಂಗ್ಲಿಷಿನಲ್ಲಿ. "ಆ ಮೇಸ್ತ್ರಿಯನ್ನು ನಾನು ನಂಬಿದ್ದೆ. ಸತ್ಯ ಬೇರೆ ಇದ್ದರೆ ತೋರಿಸಿ, ಕೇಳುತ್ತೇನೆ. ಗುರುವಾರ ಐದರವರೆಗೆ."

ಅವನ ಕೋಣೆಯ ಗೋಡೆಯ ಮೇಲೆ ದೊಡ್ಡದೊಂದು ನಕ್ಷೆ ಅಂಟಿಸಿತ್ತು. ಶಿರಸ್ತ್ರಾಣವನ್ನು ಬಿಡಿಬಿಡಿಯಾಗಿ ಬಿಚ್ಚಿಟ್ಟಂತೆ ಕಂಪ್ಯೂಟರಿನಲ್ಲಿ ಬರೆದ ಚಿತ್ರ. ಹಣೆಪಟ್ಟಿ, ಲಂಬ ಪಟ್ಟಿಗಳು, ಎಲೆಯಾಕಾರದ ನಾಲ್ಕು ತಗಡು. ಪ್ರತಿ ಎಲೆಯ ಬುಡದ ಮೂಲೆಯಲ್ಲಿ ಉಗುರಿನಿಂದ ಕಚ್ಚಿದಂಥ ಅರ್ಧಚಂದ್ರದ ಗುರುತು.

"ಇದು ಯಾರದು?" ಸುಮಿತ್ರಾ ಕೇಳಿದರು.

"ಗೊತ್ತಿಲ್ಲ. ಗೊತ್ತಾಗಬಾರದು ಅಂತಲೇ ಹಾಗೆ ಮಾಡಿದ್ದು," ಎಂದ ತಮೀಮ್. ಚಳಿಗಾಲದ ದೊಡ್ಡ ಪ್ರದರ್ಶನಕ್ಕೆ ಇಪ್ಪತ್ತು ಶಿರಸ್ತ್ರಾಣ ಬೇಕಿತ್ತು. ಸದಸ್ಯರು ಶುಕ್ರವಾರದೊಳಗೆ ಹೆಸರಿಲ್ಲದೆ ನಕ್ಷೆ ಕಳಿಸಬೇಕು, ಶನಿವಾರದ ಪರೀಕ್ಷೆ ಮುಗಿದ ಮೇಲೆ ಆಯ್ಕೆ, ಆಯ್ಕೆಯಾದವನೇ ಪ್ರದರ್ಶನದ ವಿನ್ಯಾಸಕಾರ, ಪೋಸ್ಟರಿನ ಮೇಲೆ ಅವನ ಹೆಸರು ಎಂದು ಸಾರಿದ್ದ. ಬಂದದ್ದು ಇದೊಂದೇ. ಬಂದದ್ದು ಶುಕ್ರವಾರ ಸಂಜೆ.

ಪಕ್ಕದಲ್ಲಿ ನಿಂತಿದ್ದ ರೀಮಾ ಮುಖ ಸಿಂಡರಿಸಿದಳು. "ನನ್ನದಲ್ಲ ಆಂಟಿ. ನಾನು ಬರೆದದ್ದು ಹೊರಗಿನ ರೂಪ ಮಾತ್ರ. ಪಟ್ಟಿಯ ಅಡಿಯಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಬರೆಯೋದು ನನಗಾಗಲ್ಲ. ಅಲ್ಲಿ ಖಾಲಿ ಬಿಟ್ಟಿದ್ದೆ."

ನಿರಂಜನ ಕೈಕಟ್ಟಿ ನಿಂತಿದ್ದ. ಸಾಫ್ಟ್‌ವೇರ್ ಕಂಪನಿಯಲ್ಲಿ ಜನರನ್ನು ಆಳಿ ಅಭ್ಯಾಸವಾದ ದನಿ. "ಮೇಡಂ, ಸುಮ್ನೆ ಟೈಮ್ ವೇಸ್ಟ್. ಅಲ್ಯೂಮಿನಿಯಂ ಅಂದ್ರೆ ಅಲ್ಯೂಮಿನಿಯಂ. ಸುತ್ತಿಗೆ ಪೆಟ್ಟೇ ಬೇರೆ, ಕತ್ತಿ ಪೆಟ್ಟೇ ಬೇರೆ."

"ಇರಬಹುದಪ್ಪಾ," ಎಂದರು ಸುಮಿತ್ರಾ. "ಉಳಿದ ರಿವೆಟ್‌ಗಳನ್ನ ನೋಡಿದ್ಯಾ?"

ನಿರಂಜನ ಶುಕೂರನ ಕಡೆ ತಿರುಗಿ ಪೆಟ್ಟಿಗೆ ತರಲು ಹೇಳಿದ. ನೋಡಿರಲಿಲ್ಲ.

ಶುಕೂರ್ ಸ್ಟೋರಿನ ಬೀಗ ತೆಗೆದು ಸೀಲು ಮಾಡಿದ ಪೆಟ್ಟಿಗೆ ತಂದಿಟ್ಟ. ನಲವತ್ತರ ಆಸುಪಾಸಿನ ಮನುಷ್ಯ, ಉಪ್ಪಿನಂಗಡಿಯವನು, ಹತ್ತಿರದ ಲೇಬರ್ ಕ್ಯಾಂಪಿನಲ್ಲಿ ಎಂಟು ಜನರ ರೂಮಿನಲ್ಲಿ ವಾಸ. ಬುಧವಾರದಿಂದ ಶನಿವಾರದವರೆಗೆ ಅದು ಸ್ಟೋರಿನಿಂದ ಹೊರಗೆ ಹೋಗಿಲ್ಲ ಎಂದು ಕೇಳುವ ಮೊದಲೇ ಎರಡು ಸಲ ಹೇಳಿದ.

ಸುಮಿತ್ರಾ ಕೈಚೀಲದಿಂದ ಗುಂಡಿಯಷ್ಟು ದೊಡ್ಡ ಅಯಸ್ಕಾಂತ ತೆಗೆದು ಒಂದೊಂದೇ ರಿವೆಟ್ಟಿನ ತಲೆಗೆ ಮುಟ್ಟಿಸಿದರು. ನಸೀಮ ಎಣಿಸಿದಳು. ಕಿತ್ತು ಬಿದ್ದವೂ ಸೇರಿ ಒಟ್ಟು ಐವತ್ತೆರಡು. ಮೂವತ್ತೊಂಬತ್ತು ಟಪ್ ಎಂದು ಹಿಡಿದುಕೊಂಡವು. ಹದಿಮೂರು ಹಿಡಿಯಲಿಲ್ಲ. ಆ ಹದಿಮೂರೂ ಎಡ ಮುಂಭಾಗದ ತಗಡಿನ ಸುತ್ತಲಿನವು, ಬೇರೆಲ್ಲೂ ಒಂದೂ ಇರಲಿಲ್ಲ. ಆಮೇಲೆ ಸುಮಿತ್ರಾ ಭೂತಗನ್ನಡಿ ಹಿಡಿದು ತೂತುಗಳನ್ನು ನೋಡಿದರು. ಸಡಿಲವಾದ ತಗಡನ್ನು ಸ್ವಲ್ಪ ಜಾರಿಸಿ ಅದರ ಅಂಚನ್ನು ಬಹಳ ಹೊತ್ತು ನೋಡಿದರು. ನಸೀಮಳಿಗೂ ತೋರಿಸಿದರು. ಆ ತಗಡಿನ ಬುಡದ ಮೂಲೆಯಲ್ಲಿ ಅರ್ಧಚಂದ್ರದ ಕಚ್ಚು ಇತ್ತು. ಗೋಡೆಯ ನಕ್ಷೆಯಲ್ಲಿದ್ದಂಥದ್ದೇ. ನಸೀಮ ಬಾಯಿ ತೆರೆಯುವಷ್ಟರಲ್ಲಿ ಸುಮಿತ್ರಾ ಮೆಲ್ಲನೆ ಅವಳ ಕಾಲು ತುಳಿದರು.

ಒಳಗಿನ ಅಸ್ತರಿ ಎಡಗಡೆ ಮಾತ್ರ ಮತ್ತೆ ಹೊಲಿದಂತಿತ್ತು. ರೀಮಾಳ ಹೊಲಿಗೆ ಸಾಲು ಇರುವೆಗಳಂತೆ ಒಪ್ಪವಾಗಿದ್ದರೆ ಈ ಭಾಗದ್ದು ಎತ್ತೆತ್ತಲೋ ಹೋಗಿತ್ತು. ನಸೀಮ ಬಗ್ಗಿ ಅಸ್ತರಿಯನ್ನು ಮೂಸಿದಳು. ಬೆವರು, ಚರ್ಮ, ರಕ್ತ. ಅದರ ಅಡಿಯಲ್ಲಿ ಇನ್ನೊಂದು ವಾಸನೆ.

"ಲೋಬಾನ," ಎಂದಳು ಮೆಲ್ಲಗೆ. "ತಮೀಮರ ಊದ್ ಅಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹೊಗೆ ಹಾಕ್ತೇವಲ್ಲ, ಅದು."

ಕಾರಿಗೆ ಬಂದದ್ದೇ ಸುಮಿತ್ರಾ ಇಗ್ನೇಶಿಯಸ್‌ಗೆ ಫೋನ್ ಹಚ್ಚಿದರು. "ಮೇಸ್ತ್ರಿ, ನಿಜ ಹೇಳಿ. ಎಡ ಮುಂದಿನ ತಗಡಿನ ಮೂಲೇಲಿ ಒಂದು ಕಚ್ಚು ಇದೆಯಲ್ಲ, ಅದೇನು?"

ಆ ಕಡೆ ಇಗ್ನೇಶಿಯಸ್ ಡಕ್ಟ್ ಬಡಿಯುವ ಸದ್ದಿನಿಂದ ದೂರ ಸರಿದರು. "ಅದು ನನ್ನ ತಪ್ಪು ಮೇಡಂ. ಕತ್ತರಿ ಜಾರಿತು. ಹನ್ನೊಂದು ದಿನ ಬಡಿದ ತಗಡು, ಬಿಸಾಡ್ಲಿಕ್ಕೆ ಮನಸ್ಸು ಬರಲಿಲ್ಲ. ಅದು ಹಣೆಪಟ್ಟಿಯ ಅಡಿಗೆ ಹೋಗ್ತದೆ, ಗಟ್ಟಿಗೆ ಎಂತ ಕಮ್ಮಿ ಆಗುವುದಿಲ್ಲ. ಬೇಕಾದರೆ ಎಲ್ಲರ ಎದುರು ಹೇಳ್ತೇನೆ."

"ಬೇರೆ ಮೂರರಲ್ಲಿ?"

"ಇಲ್ಲ. ಅದೊಂದರಲ್ಲೇ."

"ಗುರುವಾರದ ತನಕ ಯಾರಿಗೂ ಹೇಳಬೇಡಿ. ಮತ್ತೆ, ನಾಲ್ಕೂವರೆ ಮಿಲಿಮೀಟರ್ ದಪ್ಪದ ಹದಿಮೂರು ರಿವೆಟ್ ಮಾಡ್ಕೊಂಡು ಬನ್ನಿ." ಫೋನಿಟ್ಟು ಸುಮಿತ್ರಾ ಆ ದಿನ ಮೊದಲ ಸಲ ನಕ್ಕರು.

ಅಲ್ಲಿಂದ ಅವರು ಹೋದದ್ದು ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಿಹಾಲನ ಮನೆಗೆ. ಗಾಯಗೊಂಡವನನ್ನು ನೋಡದೆ ಹೋಗುವುದು ಸರಿಯಲ್ಲ ಎಂದಳು ನಸೀಮ. ಬಾಗಿಲು ತೆಗೆದದ್ದು ತಾಯಿ ಖದೀಜ. ನಸೀಮ ಉಚ್ಚಿಲದವಳೆಂದು ತಿಳಿದೊಡನೆ ಅವರಿಗೆ ಕಣ್ಣು ತುಂಬಿ ಬಂತು.

"ಗುರುವಾರ ಸಂಜೆ ಲೋಬಾನ ಹಾಕಿ ದುವಾ ಮಾಡಿದ್ದೆ ಮಗಳೇ, ಪಂದ್ಯ ಉಂಟಲ್ಲ ಅಂತ. ಆದ್ರೂ ಹೀಗಾಯ್ತು ನೋಡು," ಎಂದು ಚಹ ಬಗ್ಗಿಸಿದರು. ನಸೀಮಳ ಮನೆಯಲ್ಲೂ ಗುರುವಾರ ಹೊಗೆ ಹಾಕುವುದಿತ್ತು. ಪರದೇಶದಲ್ಲಿರುವ ಮಗನ ತಾಯಿಯ ಸಂಕಟ ಅವಳಿಗೆ ಹೊಸದಲ್ಲ. ಆ ಮಾತನ್ನು ಅವಳು ಅಷ್ಟಕ್ಕೇ ಬಿಟ್ಟಳು.

ನಿಹಾಲ್ ಸೋಫಾದ ಮೇಲಿದ್ದ. ಇಪ್ಪತ್ತೇಳರ ಚಂದದ ಹುಡುಗ, ಎಡಗಣ್ಣು ಊದಿಕೊಂಡು ಮುಚ್ಚಿತ್ತು. ಗೋದಾಮುಗಳಿಗೆ ಕಬ್ಬಿಣದ ರ‍್ಯಾಕ್ ಹಾಕುವ ಕಂಪನಿಯಲ್ಲಿ ನಕ್ಷೆ ತೆಗೆಯುವ ಕೆಲಸ ಅವನದು.

"ಇಗ್ನೇಶಿಯಸ್ ಅಂಕಲ್ ಮೇಲೆ ನನಗೆ ಸಿಟ್ಟಿಲ್ಲ ನಸೀಮಕ್ಕ," ಎಂದ. "ಪೊಲೀಸ್ ಗಿಲೀಸ್ ಎಂತದೂ ಬೇಡ. ಒಂದು ಸಹಿ ಹಾಕಿದರೆ ಸಾಕು, ಖಲಾಸ್. ಎಲ್ಲರೂ ಮರೀತಾರೆ."

"ಹೆಬ್ಬೆರಳಿಗೆ ಏನಾಯ್ತಪ್ಪಾ?" ಸುಮಿತ್ರಾ ಕೇಳಿದರು. ಅವನ ಎಡ ಹೆಬ್ಬೆರಳಿನ ಉಗುರು ನೇರಳೆ ಹಣ್ಣಿನಂತೆ ಕಪ್ಪಾಗಿತ್ತು.

"ಅದೂ ಶನಿವಾರವೇ. ಪಂದ್ಯದಲ್ಲಿ."

ಮೆಟ್ಟಿಲಿಳಿಯುವಾಗ ನಸೀಮ ಒಮ್ಮೆ ಆ ಬಾಗಿಲಿನ ಕಡೆ ತಿರುಗಿ ನೋಡಿದಳು. "ಎಷ್ಟು ಒಳ್ಳೆಯ ಹುಡುಗ. ಮೇಡಂ, ಶುಕೂರನೇ ಎಂತದೋ ಮಾಡಿದ್ದಾನೆ. ಅವನ ಮುಖದಲ್ಲಿ ನೆತ್ತರೇ ಇರಲಿಲ್ಲ."

"ಶುಕೂರ್ ಸುಳ್ಳು ಹೇಳಿದ, ನಿಜ," ಎಂದರು ಸುಮಿತ್ರಾ. "ಆದರೆ ಸುಳ್ಳು ಹೇಳಿದವರೆಲ್ಲ ಡ್ರಿಲ್ ಹಿಡಿಯಲ್ಲ ಕಣಮ್ಮ."

ಗುರುವಾರ ಐದಕ್ಕೆ ಎಲ್ಲರೂ ಕಣದ ಸುತ್ತ ಬೆಂಚುಗಳಲ್ಲಿ ಕೂತಿದ್ದರು. ಇಗ್ನೇಶಿಯಸ್ ಕಂಪನಿಯ ನೀಲಿ ಸಮವಸ್ತ್ರದಲ್ಲೇ ಬಂದು, ಸಲಕರಣೆಯ ಚೀಲವನ್ನು ಕಾಲ ಬಳಿ ಇಟ್ಟು, ಸಹಿ ಹಾಕದ ಕಾಗದವನ್ನು ತಮೀಮನ ಕೈಗೆ ಕೊಟ್ಟರು. "ಇದು ಖಾಲಿ ಉಂಟು. ಖಾಲಿಯೇ ಇರ್ತದೆ," ಎಂದರು. ನಸೀಮ ಅದನ್ನು ಅರಬಿಯಲ್ಲಿ ಹೇಳುವಾಗ ದನಿ ತಗ್ಗಿಸಲಿಲ್ಲ.

ನಡುವಿನ ಮೇಜಿನ ಮೇಲೆ ಶಿರಸ್ತ್ರಾಣವಿತ್ತು. ಸುಮಿತ್ರಾ ಅದರ ಪಕ್ಕ ನಿಂತರು. ಅವರ ಮಾತನ್ನು ನಸೀಮ ತಮೀಮನಿಗೆ ಅರಬಿಯಲ್ಲಿ ಹೇಳುತ್ತ ಹೋದಳು.

"ಐವತ್ತೆರಡು ರಿವೆಟ್‌ಗಳಲ್ಲಿ ಮೂವತ್ತೊಂಬತ್ತು ಕಬ್ಬಿಣ," ಎಂದು ಅಯಸ್ಕಾಂತವನ್ನು ತಮೀಮನಿಗೆ ಕೊಟ್ಟರು. ಅವನು ತಾನೇ ಮುಟ್ಟಿಸಿ ನೋಡಿ ಹುಬ್ಬೇರಿಸಿದ. "ಮೋಸ ಮಾಡೋ ಮೇಸ್ತ್ರಿ ಐವತ್ತೆರಡರಲ್ಲೂ ಮಾಡ್ತಾನೆ. ಒಂದೇ ತಗಡಿನ ಸುತ್ತ ಹದಿಮೂರರಲ್ಲಿ ಯಾಕೆ ಮಾಡ್ತಾನೆ? ಇನ್ನು ತೂತು ನೋಡಿ. ಈ ಮೂವತ್ತೊಂಬತ್ತು ಪಂಚ್ ಹೊಡೆದವು, ಒಳಗಡೆ ಅಂಚು ಏಳುತ್ತೆ. ಹದಿಮೂರು ಮಾತ್ರ ಡ್ರಿಲ್‌ನಲ್ಲಿ ಕೊರೆದು ದೊಡ್ಡದಾಗಿವೆ. ಅಂದರೆ ಯಾರೋ ಮೇಸ್ತ್ರಿಯ ಕಬ್ಬಿಣದ ರಿವೆಟ್‌ಗಳನ್ನ ಕೊರೆದು ತೆಗೆದು, ಈ ತಗಡನ್ನ ಹೊರಗೆ ಎಳೆದು, ಆಮೇಲೆ ಬೇರೆ ರಿವೆಟ್ ಹಾಕಿ ಕೂರಿಸಿದ್ದಾರೆ."

"ನಿಹಾಲನನ್ನು ಕೊಲ್ಲೋಕೆ?" ರೀಮಾ ಗಾಬರಿಯಿಂದ ಕೇಳಿದಳು.

"ನಾನೂ ಮೊದಲು ಅದನ್ನೇ ಯೋಚಿಸ್ದೆ. ಕೆಡಿಸಬೇಕು ಅನ್ನೋನಿಗೆ ಇಷ್ಟು ಕಷ್ಟ ಯಾಕೆ? ನಾಲ್ಕು ರಿವೆಟ್ ಕೊರೆದರೆ ಸಾಕು. ಅಸ್ತರಿ ಬಿಚ್ಚಿ, ಮತ್ತೆ ಹೊಲಿದು, ಬಣ್ಣ ಬಳಿದು, ಇದ್ದ ಹಾಗೇ ಕಾಣೋ ಹಾಗೆ ಮಾಡಿದ್ದಾನೆ. 'ತೆರೆದೆ, ನೋಡಿದೆ, ಮತ್ತೆ ಮುಚ್ಚಿದೆ' ಅನ್ನೋ ಕೆಲಸ ಇದು. ಹಾಗಾದರೆ ಒಳಗೆ ನೋಡೋಕೆ ಏನಿತ್ತು? ಇಗ್ನೇಶಿಯಸ್ ಎರಡು ವರ್ಷ ಕಷ್ಟಪಟ್ಟು ಕಂಡುಹಿಡಿದ ಆ ಅಂಚು. ನಾಲ್ಕು ತಗಡೂ ಒಂದೇ ಅಳತೆ. ಒಂದನ್ನ ತೆಗೆದು ನಕಲು ಮಾಡ್ಕೊಂಡ್ರೆ ನಾಲ್ಕೂ ಸಿಕ್ಕಿದ ಹಾಗೆ."

ನಿರಂಜನ ಗೋಡೆಯ ಕಡೆ ತಿರುಗಿದ. "ಆ ಡ್ರಾಯಿಂಗ್..."

"ಹೌದು. ನೀನು ಬುಧವಾರ ಇಲ್ಲಿರಲಿಲ್ಲ, ಶನಿವಾರ ಬಂದೆ. ನಕ್ಷೆ ಬಂದಿದ್ದು ಶುಕ್ರವಾರ. ಆ ನಡುವೆ ನಿನ್ನ ಕೈಗೆ ಹೆಲ್ಮೆಟ್ ಸಿಕ್ಕೇ ಇರಲಿಲ್ಲ. ರೀಮಾ ತೆಗೆದಿದ್ದರೆ ಮತ್ತೆ ತನ್ನ ಹೊಲಿಗೇನೇ ಹಾಕ್ತಿದ್ದಳು, ಯಾರಿಗೂ ಗೊತ್ತಾಗ್ತಿರಲಿಲ್ಲ. ಇದು ಸೂಜಿ ಹಿಡಿದು ಗೊತ್ತಿಲ್ಲದವರ ಹೊಲಿಗೆ." ಸುಮಿತ್ರಾ ನಕ್ಷೆಯನ್ನು ಗೋಡೆಯಿಂದ ಬಿಡಿಸಿ ತಂದು ಮೇಜಿನ ಮೇಲೆ ಹರಡಿದರು. "ನಿಜವಾಗಿ ಒಳ್ಳೇ ನಕ್ಷೆ ಇದು. ನನಗೆ ಒಂದು ಮಾತ್ರ ಅರ್ಥ ಆಗಲಿಲ್ಲ. ಪ್ರತಿ ತಗಡಿನ ಮೂಲೇಲೂ ಈ ಅರ್ಧಚಂದ್ರ ಯಾಕಿದೆ? ರೀಮಾ?"

"ಗೊತ್ತಿಲ್ಲ. ನಾನು ನೋಡಿದ ಯಾವ ಹಳೆಯ ಚಿತ್ರದಲ್ಲೂ ಇಲ್ಲ."

"ನಿರಂಜನ?" ಅವನೂ ಗೊತ್ತಿಲ್ಲವೆಂದು ತಲೆಯಾಡಿಸಿದ.

"ಹಾಗಾದರೆ ಇದು ಅರ್ಥವಿಲ್ಲದ್ದು. ಬರೆದವನಿಗೆ ಕೆಲಸ ಗೊತ್ತಿಲ್ಲ ಅಂತ ಕಾಣುತ್ತೆ," ಎಂದು ಸುಮಿತ್ರಾ ನಕ್ಷೆಯನ್ನು ಸುರುಳಿ ಸುತ್ತತೊಡಗಿದರು.

"ಅರ್ಥ ಉಂಟು," ಎಂದ ನಿಹಾಲ್ ತಟ್ಟನೆ. ಇಷ್ಟು ಹೊತ್ತು ಪಟ್ಟಿ ಕಟ್ಟಿದ ತಲೆಯನ್ನು ಕೈಯಲ್ಲಿ ಹಿಡಿದು ಕೂತಿದ್ದವನು ನೆಟ್ಟಗಾದ. "ಅದು ಬಿಸಿಲಿನ ದೇಶದ ಹೆಲ್ಮೆಟ್. ಕಬ್ಬಿಣ ಬಿಸಿಯಾದರೆ ಹಿಗ್ತದೆ. ಮೂಲೆಯಲ್ಲಿ ಜಾಗ ಬಿಟ್ಟರೆ ತಗಡು ಪಟ್ಟಿಯನ್ನು ಒತ್ತುವುದಿಲ್ಲ. ಅದೇ ಅದರ ಗುಟ್ಟು. ಅಂಕಲ್ ಅದನ್ನು ಯಾರಿಗೂ ಹೇಳಲಿಲ್ಲ."

ಇಗ್ನೇಶಿಯಸ್ ಎದ್ದು ನಿಂತರು. ಅವರ ಮುಖದ ಮೇಲೆ ಸಿಟ್ಟೂ ನಗುವೂ ಒಂದನ್ನೊಂದು ತಳ್ಳಾಡುತ್ತಿದ್ದವು.

"ಅದು ಗುಟ್ಟಲ್ಲ ಮಾರಾಯ. ನನ್ನ ಕತ್ತರಿ ಜಾರಿದ್ದು. ಈ ಒಂದು ತಗಡಿನಲ್ಲಿ ಮಾತ್ರ. ಉಳಿದ ಮೂರರಲ್ಲಿ ಇಲ್ಲ, ಬಿಚ್ಚಿ ನೋಡು. ನೀನು ನನ್ನ ತಪ್ಪನ್ನೂ ಬಿಡದೆ ಕದ್ದಿ, ಅದೂ ನಾಲ್ಕು ಸಲ!"

ನಿಹಾಲನ ಒಂದೇ ಕಣ್ಣು ಎಲ್ಲರ ಮುಖದ ಮೇಲೂ ಓಡಾಡಿ ನೆಲಕ್ಕಿಳಿಯಿತು.

"ಹಣೆಪಟ್ಟಿಯ ಅಡಿಯಲ್ಲಿರೋ ಆ ಕಚ್ಚು ತಗಡನ್ನ ಹೊರಗೆ ತೆಗೆದವನಿಗೆ ಮಾತ್ರ ಕಂಡಿರೋಕೆ ಸಾಧ್ಯ," ಎಂದರು ಸುಮಿತ್ರಾ. "ಪಂದ್ಯದಲ್ಲಿ ಎಡಗೈ ಗುರಾಣಿಯ ಹಿಂದೆ, ದಪ್ಪ ಗ್ಲೌಸ್‌ನಲ್ಲಿ ಇರುತ್ತೆ. ಉಗುರು ಕಪ್ಪಾಗಿದ್ದು ಪಂದ್ಯದಲ್ಲಲ್ಲ, ರಿವೆಟ್ ಬಡಿಯುವಾಗ. ಪಂದ್ಯಕ್ಕೆ ಮುಂಚೆ ತೆಗೆದ ಫೋಟೋದಲ್ಲೇ ಆ ಬೆರಳಿಗೆ ಪ್ಲಾಸ್ಟರ್ ಇದೆ. ರೀಮಾ ನಿನ್ನೆ ಕಳಿಸಿದಳು. ಅಸ್ತರಿಯ ಲೋಬಾನದ ವಾಸನೆ ಹಿಡಿದವಳು ನಸೀಮ. ಎಂಟು ಜನರ ಕ್ಯಾಂಪ್ ರೂಮಿನಲ್ಲಿ ಯಾರೂ ಹೊಗೆ ಹಾಕಲ್ಲ. ಗುರುವಾರ ಸಂಜೆ ಈ ಹೆಲ್ಮೆಟ್ ಒಂದು ಮನೇಲಿತ್ತು. ಶುಕೂರ್, ಇನ್ನಾದರೂ ಹೇಳಪ್ಪಾ."

ಶುಕೂರ್ ಕೈಮುಗಿದ. "ಬುಧವಾರ ಸಂಜೆ ಕೊಟ್ಟೆ. ತಲೆಗೆ ಅಭ್ಯಾಸ ಆಗ್ಬೇಕು ಅಂತ ಕೇಳಿದ. ಶುಕ್ರವಾರ ತಂದುಕೊಟ್ಟ. ನನಗೆ ಈ ಕೆಲಸ ಮಾಡಿಸಿಕೊಟ್ಟದ್ದು ಅವನು. ಇಲ್ಲ ಅಂತ ಹೇಗೆ ಹೇಳುವುದು?"

ನಸೀಮಳಿಗೆ ಖದೀಜರ ಚಹದ ಲೋಟ ನೆನಪಾಯಿತು. ಎಲ್ಲವನ್ನೂ ಕಣ್ಣಾರೆ ಕಂಡಿದ್ದಳು, ಆದರೂ ಗಾಯದ ಪಟ್ಟಿಯ ಆಚೆ ನೋಡಿರಲಿಲ್ಲ. "ಆದರೆ ಮೇಡಂ," ಎಂದಳು, "ಕೆಟ್ಟ ರಿವೆಟ್ ಹಾಕಿದವನು ಅದನ್ನು ತನ್ನ ತಲೆಗೇ ಯಾಕೆ ಇಟ್ಟುಕೊಂಡ?"

"ಅಲ್ಲೇ ನಾವೆಲ್ಲ ಮೋಸ ಹೋಗಿದ್ದು. ಅದು ಕೆಟ್ಟದ್ದು ಅಂತ ಅವನಿಗೆ ಗೊತ್ತೇ ಇರಲಿಲ್ಲ. ಕಪ್ಪಗಿತ್ತು, ತಲೆ ದುಂಡಗಿತ್ತು, ಸಾಲಾಗಿ ಕೂತಿತ್ತು, ಅಷ್ಟೇ ಸಾಕು ಅಂದುಕೊಂಡ. ಅದನ್ನ ಅಷ್ಟು ನಂಬಿ ಹಾಕ್ಕೊಂಡವನು ಲೋಹದ ಕೆಲಸ ಗೊತ್ತಿಲ್ಲದವನೇ ಆಗಿರಬೇಕು."

ನಿಹಾಲ್ ಅಳಲಿಲ್ಲ. ಒಣಗಿದ ದನಿಯಲ್ಲಿ ಹೇಳಿದ: "ನಾನು ಕೇಳಿದ್ದೆ. ನಕ್ಷೆ ತೆಗೀಲಿಕ್ಕೆ ಅಳತೆ ಕೊಡಿ ಅಂಕಲ್ ಅಂತ. ಆರು ತಿಂಗಳು ನನ್ನ ಜೊತೆ ಕೂತು ಸುತ್ತಿಗೆ ಹಿಡಿ, ಕಾಗದದಲ್ಲಿ ಕೊಡುವುದಿಲ್ಲ ಅಂದರು. ನನಗೆ ಆರು ತಿಂಗಳು ಎಲ್ಲಿಂದ? ದಿನಾ ರ‍್ಯಾಕ್, ರ‍್ಯಾಕ್, ರ‍್ಯಾಕ್. ಒಮ್ಮೆ ನನ್ನ ಹೆಸರು ಎಲ್ಲಾದರೂ ಬರಲಿ ಅಂತ... ಬೋರ್ಡು ಕೂರಿಸುವ ರಿವೆಟ್ ಆಫೀಸಿನಲ್ಲಿತ್ತು. ರಕ್ತ ಬಂದ ಮೇಲೆ ನಿಜ ಹೇಳ್ಲಿಕ್ಕೆ ಧೈರ್ಯ ಬರಲಿಲ್ಲ."

"ಅವರಿಗೆ ವೀಸಾ ಹೋಗ್ತಿತ್ತು ನಿಹಾಲ್," ಎಂದಳು ನಸೀಮ.

"ಸಹಿ ಹಾಕಿದರೆ ಹೋಗ್ತಿರಲಿಲ್ಲ. ಹಾಕ್ತಾರೆ ಅಂದುಕೊಂಡೆ. ಎಲ್ಲರೂ ಹಾಕ್ತಾರೆ."

ತಮೀಮ್ ಆ ಖಾಲಿ ಕಾಗದವನ್ನು ಎರಡಾಗಿ ಹರಿದ. ನಿಹಾಲನ ಹೆಸರನ್ನು ಅಂದೇ ಬಳಗದಿಂದ ತೆಗೆಯುವುದಾಗಿಯೂ, ಮೇಸ್ತ್ರಿ ಬಯಸಿದರೆ ಪೊಲೀಸ್ ದೂರಿಗೂ ತಾನು ಸಾಕ್ಷಿ ನಿಲ್ಲುವುದಾಗಿಯೂ ಹೇಳಿ, ಇಗ್ನೇಶಿಯಸ್‌ರ ಕೈ ಹಿಡಿದು ಕ್ಷಮೆ ಕೇಳಿದ. ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಏಳತೊಡಗಿದರು.

"ಕೂತ್ಕೊಳ್ಳಿ," ಎಂದರು ಇಗ್ನೇಶಿಯಸ್. "ನನ್ನ ಕೆಲಸ ಮುಗಿದಿಲ್ಲ."

ಅವರು ಚೀಲ ಬಿಚ್ಚಿ ಸುತ್ತಿಗೆ, ಸಣ್ಣ ಕಬ್ಬಿಣದ ದಿಮ್ಮಿ, ಹದಿಮೂರು ಹೊಸ ರಿವೆಟ್ ತೆಗೆದರು. ಕುಸಿದ ತಗಡನ್ನು ಒಳಗಿನಿಂದ ಬಡಿದು ಮೊದಲಿನ ಉಬ್ಬಿಗೆ ತಂದರು. ಉಳಿದ ಅಲ್ಯೂಮಿನಿಯಂ ರಿವೆಟ್ ಕಿತ್ತು, ಹೊಸವನ್ನು ಒಂದೊಂದಾಗಿ ಬಡಿಯಲು ಮುಕ್ಕಾಲು ಗಂಟೆ ಹಿಡಿಯಿತು. ಹದಿಮೂರನೆಯದರ ತಲೆ ಬಡಿದಾದ ಮೇಲೆ ಅವರು ಶಿರಸ್ತ್ರಾಣವನ್ನು ತಮ್ಮ ತಲೆಗೇ ಇಟ್ಟು, ಗಲ್ಲದ ಪಟ್ಟಿ ಬಿಗಿದು, ಮರಳಿನ ಕಣದ ನಡುವೆ ಹೋಗಿ ನಿಂತರು.

"ನಿರಂಜನ, ಕತ್ತಿ ತಗೊ. ಎಡಗಡೆ ಹೊಡಿ."

"ನೋ, ನೋ," ತಮೀಮ್ ಮುಂದೆ ಬಂದ. "ಅಪಾಯ. ಬೊಂಬೆಗೆ ಹಾಕಿ ಹೊಡೆಯೋಣ."

"ಶನಿವಾರ ಒಬ್ಬ ಹುಡುಗನ ತಲೆಯ ಮೇಲೆ ಪರೀಕ್ಷೆ ಮಾಡುವಾಗ ಬೊಂಬೆ ಯಾರಿಗೂ ನೆನಪಾಗಲಿಲ್ಲ. ನನ್ನ ಕೈಯ ಮೇಲೆ ನನಗೆ ನಂಬಿಕೆ ಉಂಟು. ಹೊಡಿಯಲಿ."

ನಸೀಮ ಇದನ್ನು ಅರಬಿಯಲ್ಲಿ ಹೇಳಿ, ಸುಮಿತ್ರಾರ ಕಡೆ ನೋಡಿದಳು. ಸುಮಿತ್ರಾ ತಡೆಯಲಿಲ್ಲ. ತಮೀಮ್ ನಿಧಾನವಾಗಿ ಹಿಂದೆ ಸರಿದ.

ನಿರಂಜನ ಕತ್ತಿ ಎತ್ತಿ ಹಗುರವಾಗಿ ಒಂದು ಏಟು ಹಾಕಿದ. ಟಣ್ ಎಂದಿತು.

"ಇದು ಹೊಡೆತವಾ?" ಎಂದರು ಇಗ್ನೇಶಿಯಸ್. "ರಿಪೋರ್ಟು ಬರೆದಷ್ಟು ಜೋರಾಗಿ ಹೊಡಿ."

ನಿರಂಜನನ ಕಿವಿ ಕೆಂಪಾದವು. ಈ ಸಲ ಅವನು ಎರಡೂ ಕೈಯಲ್ಲಿ ಹಿಡಿದು, ಭುಜದ ಮೇಲಿನಿಂದ ಬೀಸಿ ಹೊಡೆದ. ಸದ್ದು ಗೋದಾಮಿನ ಮಾಡಿಗೆ ಬಡಿದು ತಿರುಗಿ ಬಂತು. ಇಗ್ನೇಶಿಯಸ್ ಅರ್ಧ ಹೆಜ್ಜೆ ಪಕ್ಕಕ್ಕೆ ಜಾರಿ, ಮತ್ತೆ ಅದೇ ಜಾಗಕ್ಕೆ ಬಂದು ನಿಂತರು.

ಅವರು ಶಿರಸ್ತ್ರಾಣ ತೆಗೆದು ತಮೀಮನ ಕೈಗಿಟ್ಟರು. ಎಡ ತಗಡಿನ ಮೇಲೆ ಬೆಳ್ಳಗೊಂದು ಗೀರು ಇತ್ತು. ರಿವೆಟ್ ಒಂದೂ ಅಲುಗಿರಲಿಲ್ಲ.

"ಇಪ್ಪತ್ತು ಬೇಕಂತೆ ನಿಮಗೆ. ಕೈಯಲ್ಲೇ ಮಾಡುವುದಾದರೆ ಈ ಚಳಿಗಾಲಕ್ಕೆ ಎರಡು ಆಗ್ತದೆ. ನನ್ನ ಕಂಪನಿಗೆ ಹೇಳಿ ಹೊರಗಿನ ಕೆಲಸಕ್ಕೆ ಪರ್ಮಿಟ್ ಮಾಡಿಸಿ, ಆಮೇಲೆ ಮಾಡ್ತೇನೆ. ಅರ್ಜೆಂಟ್ ಇದ್ದರೆ ಕಾರ್ಖಾನೆಗೆ ಹೋಗಿ."

"ಎರಡೇ ಸಾಕು," ಎಂದ ತಮೀಮ್.

ನಿರಂಜನ ಆಗಲೇ ಫೋನ್ ತೆಗೆದು ತನ್ನ ರಿಪೋರ್ಟನ್ನು ಹಿಂದಕ್ಕೆ ಪಡೆಯುವ ಸಾಲು ಬರೆಯುತ್ತಿದ್ದ. ನಿಹಾಲ್ ಬೆಂಚು ಬಿಟ್ಟು ಇಗ್ನೇಶಿಯಸ್‌ರ ಎದುರು ಬಂದು ನಿಂತ. "ಅಂಕಲ್, ಆ ಆರು ತಿಂಗಳು... ಈಗ ಬಂದರೆ?"

ಇಗ್ನೇಶಿಯಸ್ ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. "ಮೊದಲು ಆ ಗುಂಪಿನಲ್ಲಿ ನಿನ್ನ ಬಾಯಿಂದ ಹೇಳು. ಬರೆಯುವುದಲ್ಲ, ಮಾತಾಡಿ ಹಾಕು, ನನ್ನ ಹೆಸರು ಹೇಳಿ. ಆಮೇಲೆ ಮನೆಗೆ ಹೋಗಿ ನಿನ್ನ ತಾಯಿಗೆ ಹೇಳು. ಅದು ಎರಡೂ ಆದ ಮೇಲೆ ನಾನು ಯೋಚನೆ ಮಾಡ್ತೇನೆ. ಹೂಂ ಅಂತ ಈಗ ಹೇಳುವುದಿಲ್ಲ."

ಅಬುಧಾಬಿಗೆ ಹಿಂತಿರುಗುವ ದಾರಿಯಲ್ಲಿ ಇಗ್ನೇಶಿಯಸ್ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ಶಹಾಮಾ ದಾಟುವಾಗ, ಬಳಗದ ಗುಂಪಿಗೆ ಬಂದ ಒಂದು ಧ್ವನಿ ಸಂದೇಶವನ್ನು ರೀಮಾ ಸುಮಿತ್ರಾರಿಗೆ ಕಳಿಸಿದಳು. ನಿಹಾಲನ ದನಿ, ಒಂದೂವರೆ ನಿಮಿಷ. ಸುಮಿತ್ರಾ ಅದನ್ನು ಪೂರ್ತಿ ಕೇಳಿದರು.

"ಎಬ್ಬಿಸಿ ಕೇಳಿಸ್ಲಾ?" ಎಂದಳು ನಸೀಮ.

"ಬೇಡ. ಬೆಳಿಗ್ಗೆ ಆರಕ್ಕೆ ಡ್ಯೂಟಿ ಇದೆ ಅಂದರು. ಮಲಗಲಿ," ಎಂದು ಸುಮಿತ್ರಾ ಫೋನನ್ನು ಮಡಿಲಲ್ಲಿ ಮಗುಚಿಟ್ಟರು. ನಸೀಮ ಮುಸಫ್ಫಾದ ತಿರುವು ತೆಗೆದುಕೊಂಡಳು.